ಲಂಕೆಯ ದಾರಿಗೆ ಸುರಿದ ಹರಳೆಣ್ಣೆ

ವಿಜಯಪುರ

ಮೋಟಾರು ಸೈಕಲ್ಲನ್ನು ಸಮುದ್ರ ದಾಟಿಸುವ ಯೋಚನೆ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ಮೊದಲು ಒಂದು ಕೆಲಸ ಮಾಡಿ. ಹೊರಡುವ ಹಿಂದಿನ ದಿನ ಎಂಜಿನ್ನಿನ ಕೆಳಗೆ ಒಂದು ಬಿಳಿ ಹಾಳೆ ಹಾಸಿಡಿ. ಹಾಳೆಯ ಮೇಲೆ ಕಲೆ ಬಿದ್ದಿದ್ದರೆ ಬಗ್ಗಿ ನೋಡಿ. ಎಣ್ಣೆ ಇಳಿಯುತ್ತದೆಯೇ ಹೊರತು ಏರುವುದಿಲ್ಲ. ಆದ್ದರಿಂದ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದೋ ಅಲ್ಲಿದೆ ಸೋರಿಕೆ. ಇಷ್ಟು ತಿಳಿಯಲು ನಾನು ಲಂಕೆಗೆ ಹೋಗಬೇಕಾಯಿತು. ನಿಮಗೆ ಬೇಡ.

ಈಗ ಬೆಂಗಳೂರಿಗೆ ಹತ್ತಿರದ ನಮ್ಮ ವಿಜಯಪುರದ ಮನೆಯ ಹಜಾರದಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಗಾಡಿ ಹೊರಗೆ ನಿಂತಿದೆ. ಅವ್ವ ಹಿತ್ತಲಲ್ಲಿ ಯಾರನ್ನೋ ಬೈಯುತ್ತಿದ್ದಾಳೆ. ಎರಡೂ ಕ್ಷೇಮ.

ಗಾಡಿ ಯುದ್ಧದ್ದು. ಕಾಳಗ ಮುಗಿದ ಮೇಲೆ ಬೆಂಗಳೂರು ದಂಡಿನವರು ಹರಾಜಿಗಿಟ್ಟ ಸಾಮಾನಿನಲ್ಲಿ, ಪಕ್ಕಕ್ಕೆ ಸೈಡ್‌ಕಾರು ಕಟ್ಟಿಸಿಕೊಂಡು, ಯಾರೂ ಕೂಗದೆ ಉಳಿದುಹೋಗಿತ್ತು. ಕೊನೆಯವರೆಗೂ ಕಾದು, ಬೇಡವೇ ಬೇಡ ಎಂಬಂತೆ ಮುಖ ಮಾಡಿಕೊಂಡು ನಿಂತಿದ್ದು, ಅಗ್ಗಕ್ಕೆ ಕೊಂಡುಕೊಂಡೆ. ಬೇಕಾದ್ದನ್ನು ಕೊಳ್ಳುವಾಗ ಅದರ ಕಡೆ ನೋಡಬಾರದು, ಇದು ನಾನು ಗೂಡಿನ ಸಂತೆಯಲ್ಲಿ ಕಲಿತದ್ದು. ರೇಷ್ಮೆ ಗೂಡು ಕೊಂಡು ನೂಲು ಬಿಚ್ಚಿಸುವುದು ನನ್ನ ಕಸುಬು. ಬೇರೆಯವರ ಮನೆಯ ಒಂದು ಚರಕದಲ್ಲಿ ಕೂಲಿಗೆ ಕೂತವನು, ಈಗ ಆರು ಚರಕ ನನ್ನವೇ.

ಅವ್ವನ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಪ್ರಯಾಣಕ್ಕೆ ಅರ್ಥವಿಲ್ಲ. ನನಗಿಂತ ಮುಂಚೆ ಹುಟ್ಟಿದ ಮೂರು ಕೂಸುಗಳು ಉಳಿಯಲಿಲ್ಲ. ಅವ್ವ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಳು. ನಾನು ಉಳಿದೆ, ಸುಬ್ಬಣ್ಣನಾದೆ. ಬಾಣಂತಿಯ ಕೋಣೆಗೆ ಬಳೆ ತೊಡಿಸಲು ಬಂದಿದ್ದ ತಮಿಳು ಹೆಂಗಸೊಬ್ಬಳು, ಇದೇ ಸ್ವಾಮಿ ಲಂಕೆಯ ಕತರಗಾಮದ ಕಾಡಿನಲ್ಲೂ ಇದ್ದಾನೆ ಎಂದಳಂತೆ. ‘ಹಂಗಾದ್ರೆ ಅಲ್ಲಿಗೂ ಬರ್ತೀನಿ’ ಅಂದುಬಿಟ್ಟಳು ಅವ್ವ. ನನಗೆ ಎಷ್ಟು ವಯಸ್ಸೋ ಆ ಮಾತಿಗೂ ಅಷ್ಟೇ ವಯಸ್ಸು.

ಅವಳ ಮೊಣಕಾಲು ಈಗ ನಡೆಯಲು ಬಿಡುವುದಿಲ್ಲ. ರೈಲು, ಬಸ್ಸು ಹಿಡಿದು ಹೋದರೂ ಕೊನೆಯ ಹತ್ತು ಮೈಲಿ ಕಾಡುದಾರಿ ಎಂದು ಕೇಳಿದ್ದೆ. ಸೈಡ್‌ಕಾರು ಕಂಡಾಗ ನನ್ನ ತಲೆಯಲ್ಲಿ ಮೊದಲು ಬಂದದ್ದೇ ಅದು.

ಹೊರಡುವ ದಿನ ಪಕ್ಕದ ಮನೆಯ ಪಿಳ್ಳಪ್ಪ ಜಗಲಿಯ ಮೇಲೆ ನಿಂತು ಕೂಗಿದ.

“ಏನಪ್ಪಾ ಸುಬ್ಬಣ್ಣ, ಅವ್ವನ್ನ ತೊಟ್ಟೀಲಿ ಕೂರಿಸ್ಕೊಂಡು ಲಂಕೆಗೆ ಹೊಂಟ್ಬಿಟ್ಯಾ? ಹನುಮಂತ ಎಲ್ಲಿ?”

“ನೀನು ಬರಲ್ಲ ಅಂದ್ಯಲ್ಲ, ಅದಕ್ಕೇ ಒಬ್ನೇ ಹೊಂಟೆ” ಅಂದೆ.

ನಗು ಜೋರಾಗಿತ್ತು. ಆ ನಗುವಿನಲ್ಲಿ ಯಾರೂ ಗಮನಿಸದ ಒಂದು ಕೆಲಸವನ್ನು ನಾನು ಅದೇ ಬೆಳಿಗ್ಗೆ ಮಾಡಿದ್ದೆ. ಎಂಜಿನ್ ಎಣ್ಣೆ ಸ್ವಲ್ಪ ಕಡಿಮೆಯಿತ್ತು, ಬೆಂಗಳೂರಿಂದ ತಂದ ಡಬ್ಬ ಮುಗಿದಿತ್ತು. ಮನೆಯಲ್ಲಿ ಅವ್ವ ಕಾಯಿಸಿದ ಹರಳೆಣ್ಣೆ ಒಂದು ಗಡಿಗೆ ತುಂಬ ಇತ್ತು. ಎತ್ತಿನ ಗಾಡಿಯ ಅಚ್ಚಿಗೆ ಅದೇ, ಚರಕಕ್ಕೆ ಅದೇ, ಕೂಸಿನ ನೆತ್ತಿಗೆ ಅದೇ, ಹೊಟ್ಟೆ ಕಟ್ಟಿದರೂ ಅದೇ. ನಮ್ಮ ಮನೆಯಲ್ಲಿ ಹರಳೆಣ್ಣೆ ಒಪ್ಪದ ಜಾಗವಿಲ್ಲ. ಪಂದ್ಯದ ಮೋಟಾರುಗಳಿಗೂ ಹರಳೆಣ್ಣೆಯನ್ನೇ ಹಾಕುತ್ತಾರೆ ಎಂದು ದಂಡಿನಲ್ಲಿ ಒಬ್ಬ ಹೇಳಿದ್ದ. ಇನ್ನೇನು ಬೇಕು? ಧಾರಾಳವಾಗಿ ಸುರಿದೆ, ದಾರಿಗೆಂದು ಎರಡು ಸೀಸೆ ತುಂಬಿಯೂ ಇಟ್ಟುಕೊಂಡೆ.

ತಲೈಮನ್ನಾರ್

ಲಂಕೆಗೆ ಹೋಗುವವರನ್ನು ರೋಗವಿದೆಯೇ ಎಂದು ತಡೆದು ನೋಡುವ ಮಂಡಪಂ ಶಿಬಿರದಲ್ಲಿ ವೈದ್ಯರು ನಮ್ಮ ನಾಲಿಗೆ ನೋಡಿ ಚೀಟಿ ಕೊಟ್ಟರು. ಧನುಷ್ಕೋಟಿಯಲ್ಲಿ ಗಾಡಿಯನ್ನು ಹಗ್ಗ ಕಟ್ಟಿ ಎತ್ತಿ ಹಡಗಿಗೆ ಇಳಿಸಿದರು. ಆಕಾಶದಲ್ಲಿ ತೂಗಾಡುತ್ತಿದ್ದ ಸೈಡ್‌ಕಾರನ್ನು ನೋಡಿ ಅವ್ವ, “ನಾನು ಇಳಿದಿದ್ದು ಒಳ್ಳೇದಾಯ್ತು” ಅಂದಳು.

ಲಂಕೆಯ ನೆಲ ಮೆಟ್ಟಿದ ಕೂಡಲೇ ಅವ್ವ ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನನಗೆ ಹೇಳದೆ ಕಟ್ಟಿಕೊಂಡು ಬಂದಿದ್ದ ಸಂಗತಿ ಹೊರಬಂತು.

“ಇನ್ನು ಸ್ವಾಮಿ ಮುಖ ನೋಡೋವರ್ಗೂ ಉಪ್ಪು ಮುಟ್ಟಲ್ಲ, ಬೆಂದದ್ದು ಮುಟ್ಟಲ್ಲ.”

“ಮೊದ್ಲೇ ಹೇಳ್ಬಾರ್ದಾಗಿತ್ತಾ?”

“ಹೇಳಿದ್ರೆ ನೀನು ಕರ್ಕೊಂಡು ಬರ್ತಿರ್ಲಿಲ್ಲ. ಎಷ್ಟು ದಿನದ ದಾರಿ?”

“ಮೂರು” ಅಂದೆ. ಬಾಯಿಗೆ ಬಂದ ಲೆಕ್ಕ. ಮೂರು ದಿನ ಹಣ್ಣು, ಎಳನೀರಿನಲ್ಲಿ ಕಳೆದಾಳು ಅಂದುಕೊಂಡೆ.

ಅಷ್ಟರಲ್ಲಿ ಸುಂಕದ ಕಟ್ಟೆಯ ಅಧಿಕಾರಿ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದ. ಬಿಳಿ ಷರಾಯಿ, ಬಿಳಿ ಬೂಟು. ಎರಡನೆಯ ಪ್ರದಕ್ಷಿಣೆಯಲ್ಲಿ ಕಾಲು ಜಾರಿ ಸೈಡ್‌ಕಾರಿನೊಳಗೇ ಕೂತುಬಿಟ್ಟ. ಎಂಜಿನ್ನಿನ ಬುಡದಲ್ಲಿ ಅಂಗೈಯಗಲ ಎಣ್ಣೆ. ಅವನು ಎದ್ದು, ಬೂಟು ಒರೆಸಿಕೊಂಡು, ಗೂಡಿನ ಸಂತೆಯಲ್ಲಿ ನನಗೂ ರೂಢಿಯಾಗಿದ್ದ ತಮಿಳಿನಲ್ಲಿ ಒಂದೇ ಮಾತು ಹೇಳಿ ರುಜು ಹಾಕಿದ: “ಇದನ್ನ ಬೇಗ ನಮ್ಮ ಅಂಗಳದಿಂದ ತಗೊಂಡು ಹೋಗು.” ಒಂದು ತಪಾಸಣೆಯೂ ಇಲ್ಲ. ಸೋರಿಕೆಯಿಂದ ನನಗಾದ ಲಾಭ ಇಡೀ ಪ್ರವಾಸದಲ್ಲಿ ಅದೊಂದೇ.

ಅನುರಾಧಪುರ

ಲಂಕೆಯ ಕೆರೆ ನೋಡಿದ ಮೇಲೆ ನಮ್ಮ ಕೆರೆಗಳನ್ನು ಕುಂಟೆ ಎನ್ನಬೇಕು. ಏರಿಯ ಮೇಲೆ ಗಾಡಿ ಓಡಿಸುತ್ತಲೇ ಇದ್ದೆ, ನೀರು ಮುಗಿಯಲಿಲ್ಲ. “ಇಷ್ಟು ನೀರು ನಮ್ಮ ನಲ್ಲೂರು ಹುಣಸೆ ತೋಪಿನ ಪಕ್ಕ ಇದ್ದಿದ್ರೆ ನಾವೂ ಭತ್ತ ಬೆಳ್ಕೊಂಡು ದೊಡ್ಡಸ್ತಿಕೆ ಮಾಡ್ಬೋದಿತ್ತು” ಎಂದಳು ಅವ್ವ.

ಇಲ್ಲಿಯ ಜನ ಚಹಾ ಕುಡಿಯುವುದೊಂದು ನೋಟ. ಹಾಲಿಲ್ಲದ ಕಪ್ಪು ಚಹಾ ಒಂದು ಕೈಯಲ್ಲಿ, ಬೆಲ್ಲದ ಚೂರು ಇನ್ನೊಂದು ಕೈಯಲ್ಲಿ. ಒಂದು ಸಲ ಕಚ್ಚುತ್ತಾರೆ, ಒಂದು ಸಲ ಹೀರುತ್ತಾರೆ. “ಬೆಲ್ಲ ಒಳಕ್ಕೆ ಹಾಕಿದ್ರೆ ಒಂದು ಕೈ ಉಳೀತಿತ್ತಲ್ಲ” ಎಂದು ಅವ್ವ ತೀರ್ಪು ಕೊಟ್ಟಳು. ನಾನು ಅವಳ ಮುಂದೆ ಕುಡಿಯಲಾರದೆ ಅಂಗಡಿಯ ಹಿಂದೆ ಹೋಗಿ ಕುಡಿದೆ.

ಸೋರಿಕೆ ಹೆಚ್ಚಿತ್ತು. ಎಂಜಿನ್ನಿನ ಬಲಗಡೆ, ಹಲ್ಲುಚಕ್ರಗಳನ್ನು ಮುಚ್ಚುವ ಒಂದು ಬಿಲ್ಲೆಯಿದೆ. ಅದರ ಅಂಚಿನ ಸುತ್ತ ಎಣ್ಣೆ ಜಿನುಗುತ್ತಿತ್ತು. ನಾನು ಮಾಡಿದ ಮೊದಲ ತಪ್ಪು ಎಲ್ಲರೂ ಮಾಡುವಂಥದು: ಸ್ಪ್ಯಾನರು ತೆಗೆದುಕೊಂಡು ಇನ್ನಷ್ಟು ಬಿಗಿದೆ. ನಿಲ್ಲಲಿಲ್ಲ. ಎರಡನೆಯ ತಪ್ಪು ನನ್ನ ಸ್ವಂತದ್ದು. ಬಾರ್ ಸೋಪನ್ನು ತುರಿದು, ಅವ್ವನ ಗಂಟಿನಲ್ಲಿದ್ದ ರಾಗಿ ಹಿಟ್ಟು ಸೇರಿಸಿ ನಾದಿ, ಅಂಚಿನ ಸುತ್ತ ಮೆತ್ತಿದೆ. ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದ ಹಾಗೆ ಚೆನ್ನಾಗಿ ಕಾಣುತ್ತಿತ್ತು.

ಅವ್ವ ಗಂಟು ಬಿಚ್ಚಿ ನೋಡಿದಳು.

“ಲೋ, ಹಿಟ್ಟು ಅರ್ಧ ಆಗೈತೆ.”

“ಗಾಡಿಗೆ ಬೇಕಾಗಿತ್ತು ಅವ್ವ.”

“ಸ್ವಾಮಿ ನೋಡಿದ್ ಮೇಲೆ ಉಣ್ಣಾಕೆ ಅಂತ ನಾನ್ ಬೀಸ್ಕೊಂಡು ತಂದಿದ್ದು. ನಾನ್ ಉಪವಾಸ ಇದೀನಿ, ನಿನ್ ಗಾಡಿ ಮುದ್ದೆ ತಿಂತೈತಾ?”

ಹನ್ನೆರಡು ಮೈಲಿಗೆ ಮುದ್ದೆ ಬೆಂದು ಉದುರಿತು. ಗಾಡಿಯ ಹಿಂದೆ ಎರಡು ನಾಯಿಗಳು ಬಹಳ ದೂರ ಬಂದವು. ಹೊರಗಿನಿಂದ ಮೆತ್ತಿದ ಯಾವುದೂ ಎಣ್ಣೆಯನ್ನು ತಡೆಯುವುದಿಲ್ಲ, ನೆನಪಿಡಿ. ಒಳಗಿನಿಂದ ನೂಕುವ ಕೈ ಯಾವುದೆಂದು ಮೊದಲು ಕೇಳಿಕೊಳ್ಳಿ. ನಾನು ಕೇಳಿಕೊಳ್ಳಲಿಲ್ಲ, ಇಳಿದಷ್ಟಕ್ಕೂ ಸೀಸೆಯ ಹರಳೆಣ್ಣೆ ಸುರಿಯುತ್ತ ಹೋದೆ.

ಮಾತರ

ಇದು ಐದನೆಯ ದಿನ. ಮೂರು ಎಂದಿದ್ದೆ. ಕೊಲಂಬೊ ದಾಟಿ ತೆಂಕಣ ಕರಾವಳಿ ಹಿಡಿದಿದ್ದೆವು. ಎಡಕ್ಕೆ ತೆಂಗು, ಬಲಕ್ಕೆ ಸಮುದ್ರ, ನಡುವೆ ನಮ್ಮ ಗಾಡಿ ಬಿಟ್ಟ ಕಪ್ಪು ಗೆರೆ. ದಾರಿ ತಪ್ಪಿದ್ದರೆ ಆ ಗೆರೆ ಹಿಡಿದೇ ವಿಜಯಪುರಕ್ಕೆ ವಾಪಸು ಹೋಗಬಹುದಿತ್ತು.

ಮಾತರದಲ್ಲಿ ಅವ್ವ ಸೈಡ್‌ಕಾರಿನಿಂದ ತಾನಾಗಿ ಏಳಲಿಲ್ಲ. ಎತ್ತಿ ಇಳಿಸಿದೆ. ಬರುವಾಗ ಎತ್ತಿ ಕೂರಿಸಿದ್ದ ಮೈ ಅಲ್ಲ ಅದು, ಅರ್ಧಕ್ಕರ್ಧ ಹಗುರ. ಬಾಳೆಹಣ್ಣು ಸುಲಿದು ಕೊಟ್ಟರೆ ಎರಡು ತುತ್ತು ತಿಂದು ಪಕ್ಕಕ್ಕಿಟ್ಟಳು. ಅಲ್ಲಿಯವರೆಗೆ ಇದು ಗಾಡಿಯ ತೊಂದರೆ ಎಂದುಕೊಂಡಿದ್ದೆ. ಅಲ್ಲ ಎಂದು ಆಗ ಗೊತ್ತಾಯಿತು.

ನನಗೆ ಬರುವ ವಿದ್ಯೆ ಚೌಕಾಸಿ ಒಂದೇ. ಅವಳ ಮುಂದೆ ಕುಕ್ಕರಗಾಲಲ್ಲಿ ಕೂತೆ.

“ಅವ್ವ, ಉಪ್ಪು ಬ್ಯಾಡ. ಬರೀ ಗಂಜಿ ಕುಡಿ. ಅರ್ಧ ಹರಕೆ ಉಳೀತದೆ.”

“ಅರ್ಧ ಮಗನ್ನ ಕೊಟ್ಟಿದ್ನಾ ಸ್ವಾಮಿ?”

“ಕಾಯಿಸಿದ ಹಾಲಾದ್ರೂ…”

“ಗೂಡಿನ ಸಂತೇಲಿ ಮಾಡು ನಿನ್ ಯಾಪಾರ. ಹೋಗ್ ಗಾಡಿ ನೋಡ್ಕೋ.”

ಗಾಡಿ ನೋಡಿಕೊಂಡೆ. ಸಿಟ್ಟು, ಹೆದರಿಕೆ ಎರಡನ್ನೂ ಸ್ಪ್ಯಾನರಿಗೆ ಹಾಕಿ ಬಿಗಿದೆ. ಕಟಕ್ಕೆಂದಿತು. ತಿರುಪು ಮೊಳೆ ಕಚ್ಚಿಕೊಳ್ಳುವ ಸುತ್ತುಗೆರೆ, ಅಂದರೆ ಮರೆ, ಸವೆದುಹೋಗಿ ಮೊಳೆ ಸುಮ್ಮನೆ ಸುತ್ತತೊಡಗಿತು. ಆಮೇಲೆ ಎಣ್ಣೆ ಜಿನುಗಲಿಲ್ಲ, ಹರಿಯಿತು.

ಹಂಬನ್‌ತೋಟ

ಹಳೇ ಬಟ್ಟೆ ತುರುಕಿ, ಐದೈದು ಮೈಲಿಗೆ ನಿಂತು, ಕೊನೆಯ ಸೀಸೆಯನ್ನೂ ಸುರಿದು, ಹಂಬನ್‌ತೋಟದ ಉಪ್ಪಿನ ಗದ್ದೆಗಳವರೆಗೆ ಬಂದೆವು. ಅಲ್ಲಿ ಗಾಡಿ ಇನ್ನಾಗದು ಎಂದಿತು. ಕಣ್ಣು ಕುಕ್ಕುವ ಬಿಳಿ ಉಪ್ಪಿನ ರಾಶಿಗಳ ನಡುವೆ, ಉಪ್ಪು ಬಿಟ್ಟ ಮುದುಕಿಯನ್ನು ಕೂರಿಸಿಕೊಂಡು, ನಾನು ಗಾಡಿ ತಳ್ಳುತ್ತಿದ್ದೆ.

ಎದುರಿಗೆ ಬಂದ ಸಲೀಂ ಎಂಬ ಮುದುಕ ತಾನೂ ಕೈ ಹಾಕಿದ. ಹಿಂದೆ ಬಸ್ಸು ರಿಪೇರಿ ಮಾಡುತ್ತಿದ್ದವನಂತೆ. ಅವನ ಪೂರ್ವಿಕರು ಮಲಾಯಿ ದೇಶದವರು, ಮಾತಿಗೆ ತಮಿಳೂ ಬರುತ್ತಿತ್ತು. ಗಾಡಿಯನ್ನು ತನ್ನ ಮನೆಯ ಮುಂದಿನ ಮರದಡಿ ನಿಲ್ಲಿಸಿಕೊಂಡ. ನಾನು ಕೂಲಿ ಮಾತಾಡಲು ಬಾಯಿ ತೆರೆದೆ. ಅವನು ಕೈ ಅಡ್ಡ ಮಾಡಿದ.

“ನಾನು ಮುಟ್ಟೋದಿಲ್ಲ. ಸ್ಟೂಲಿನ ಮೇಲೆ ಕೂತು ಹೇಳ್ತೀನಿ, ನೀನು ಬಿಚ್ಚು. ನಾನು ಬಿಚ್ಚಿದರೆ ನಾಳೆ ಕಾಡಿನಲ್ಲಿ ನಿಂತಾಗ ನನ್ನನ್ನೇ ಕರೀತೀಯ. ಆನೆ ಇರೋ ಕಾಡಿಗೆ ನಾನು ಬರೋದಿಲ್ಲ.”

ಇಂಥ ವ್ಯಾಪಾರಿಯ ಮುಂದೆ ನಾನು ಸೋತೆ.

ಮೊದಲು ಎಂಜಿನ್ ಒಮ್ಮೆ ಶುರುಮಾಡಿಸಿದ. ಕೆಳಗೆ ಬಾಗಿರುವ, ಕಿರುಬೆರಳಿನಷ್ಟು ದಪ್ಪದ ಒಂದು ನಳಿಕೆಯನ್ನು ಕೋಲಿನಿಂದ ತೋರಿಸಿದ. ಅದನ್ನು ನಾನು ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಅಲ್ಲಿ ಅಂಗೈ ಹಿಡಿ. ಗಾಳಿ ಬರ್ತದಾ?”

“ಇಲ್ಲ.”

“ಅದು ಇದರ ಮೂಗು. ಪಿಸ್ಟನ್ನು ಕೆಳಕ್ಕೆ ಬಂದಾಗೆಲ್ಲ ಒಳಗಿನ ಗಾಳಿ ಅಲ್ಲಿಂದ ಹೊರಗೆ ಹೋಗಬೇಕು. ಮೂಗು ಕಟ್ಟಿದೆ. ಗಾಳಿ ಹೋಗೋದಕ್ಕೆ ಜಾಗ ಇಲ್ಲದೆ ಎಣ್ಣೇನ ಸಿಕ್ಕಿದ ಸಂದಿಯಿಂದೆಲ್ಲ ನೂಕ್ತಿದೆ. ನೀನು ಎಷ್ಟು ಬಿಗಿದರೂ ಅಷ್ಟೇ. ಏನು ಹಾಕಿದೆ ಒಳಗೆ?”

ಖಾಲಿ ಸೀಸೆ ಕೊಟ್ಟೆ. ಮೂಸಿದ. ಹೆಂಡತಿಯನ್ನು ಕರೆದು ಮೂಸಿಸಿದ. ಇಬ್ಬರೂ ನನ್ನನ್ನು ನೋಡಿದರು.

“ಭೇದಿಗೆ ಕೊಡೋದಲ್ಲವಾ ಇದು?”

“ಪಂದ್ಯದ ಗಾಡಿಗೆ ಹಾಕ್ತಾರೆ ಅಂತ…”

“ಹಾಕ್ತಾರೆ. ಅದೊಂದನ್ನೇ ಹಾಕ್ತಾರೆ, ಪಂದ್ಯ ಮುಗಿದ ಮೇಲೆ ಬಿಚ್ಚಿ ತೊಳೀತಾರೆ. ನೀನು ಡಬ್ಬದ ಎಂಜಿನ್ ಎಣ್ಣೆಗೂ ಇದಕ್ಕೂ ಮದುವೆ ಮಾಡಿದೀಯ. ಎರಡೂ ಸೇರೋದಿಲ್ಲ, ಅಂಟಾಗ್ತದೆ.”

ಬಿಚ್ಚಿದೆ. ಒಳಗೆ ಹಲಸಿನ ಮೇಣದಂಥ ಕಂದು ಅಂಟು. ನಳಿಕೆಯ ಬಾಯಲ್ಲಿ ಕಾಸಿನಂಥ ಒಂದು ಪುಟ್ಟ ಬಿಲ್ಲೆ ಏಳುತ್ತ ಬೀಳುತ್ತ ಗಾಳಿಯನ್ನು ಹೊರಗೆ ಬಿಡಬೇಕಂತೆ, ಅದು ಅಂಟಿಗೆ ಕಚ್ಚಿಕೊಂಡು ಕೂತಿತ್ತು. ಎಣ್ಣೆಯೆಲ್ಲ ಬಸಿದೆ. ಸೀಮೆಎಣ್ಣೆಯಲ್ಲಿ ಮೂರು ಸಲ ತೊಳೆದೆ. ತಂತಿ ಹಾಕಿ ನಳಿಕೆ ಕೆದಕಿದೆ. ಮರೆ ಹೋದ ತೂತಿಗೆ ಮೊದಲಿನದಕ್ಕಿಂತ ತುಸು ದಪ್ಪದ ಮೊಳೆ ಹುಡುಕಿ, ಹೊಸ ಮರೆ ಕೊರೆದೆ. ಕೈ ನನ್ನದು, ಬೈಗುಳ ಅವನದು.

ಹಲ್ಲುಚಕ್ರ ಮುಚ್ಚುವ ದೊಡ್ಡ ಬಿಲ್ಲೆಯ ಕೆಳಗಿನ ಕಾಗದದ ಪ್ಯಾಕಿಂಗ್ ಹರಿದು ಚಿಂದಿಯಾಗಿತ್ತು. ಹೊಸದು ಮಾಡುವುದು ಸುಲಭ, ಕಲಿತುಕೊಳ್ಳಿ. ದಪ್ಪ ಕಾಗದವನ್ನು ಅಂಚಿನ ಮೇಲಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಅಂಚೇ ಅದನ್ನು ಕತ್ತರಿಸಿಕೊಡುತ್ತದೆ. ಆದರೆ ನಾನು ಬಿಗಿದು ಬಿಗಿದು ಬಿಲ್ಲೆಯೇ ಕೂದಲೆಳೆಯಷ್ಟು ಸೊಟ್ಟಗಾಗಿತ್ತು. ಕಾಗದ ಸಾಲದು ಎಂದ ಸಲೀಂ. “ರೇಷ್ಮೆ ದಾರ ಸಿಕ್ಕರೆ ಒಂದೆಳೆ ಸುತ್ತ ಇಡಬಹುದು. ಎಣ್ಣೆಗೆ ಕೊಳೆಯೋದಿಲ್ಲ, ಒತ್ತಿದರೆ ಸಂದಿ ತುಂಬ್ತದೆ. ಈ ಉಪ್ಪಿನೂರಲ್ಲಿ ರೇಷ್ಮೆ ಎಲ್ಲಿಂದ ತರೋದು?”

ನಾನು ನಕ್ಕುಬಿಟ್ಟೆ. ಲಂಕೆಯ ಮಣ್ಣು ಮೆಟ್ಟಿದ ಮೇಲೆ ಮೊದಲ ಸಲ. ಕೊಲಂಬೊದಲ್ಲಿ ಗಿರಾಕಿ ಸಿಕ್ಕರೆ ತೋರಿಸೋಣ ಎಂದು ಎರಡು ಲಡಿ ಹಸಿ ರೇಷ್ಮೆ ಚೀಲದಲ್ಲಿತ್ತು. ನನ್ನದೇ ಚರಕದ್ದು, ಇನ್ನೂ ಹುಳುವಿನ ಅಂಟು ಬಿಟ್ಟಿರದ ನೂಲು. ಸಲೀಂ ಅದನ್ನು ಬೆರಳಿಗೆ ಸುತ್ತಿಕೊಂಡು ಎಳೆದು ನೋಡಿ, ಅಂಚಿಗೆ ಅಂಟಿ ಉಳಿದಿದ್ದ ರಾಗಿಯನ್ನು ತೋರಿಸಿ, “ಇದು ಇದ್ದೂ ಹಿಟ್ಟು ಮೆತ್ತಿದೆಯಾ?” ಎಂದ. ಮೊಳೆಗಳ ಒಳಬದಿಗೆ ಒಂದೆಳೆ ಸುತ್ತಿ, ಎದುರೆದುರು ಮೊಳೆಗಳನ್ನು ಸರದಿಯಂತೆ, ಕೈ ಸಾಕೆಂದಾಗ ನಿಲ್ಲಿಸಿ, ಬಿಗಿದೆ. ಸಲೀಂ ಉಳಿಸಿಕೊಂಡಿದ್ದ ಬಸ್ಸಿನ ಎಂಜಿನ್ ಎಣ್ಣೆಯನ್ನು ಹೊಸದಾಗಿ ತುಂಬಿದೆ.

ಅಷ್ಟು ಹೊತ್ತೂ ಅವ್ವ, ಸಲೀಮನ ಹೆಂಡತಿ ಒಬ್ಬರ ಭಾಷೆ ಒಬ್ಬರಿಗೆ ತಿಳಿಯದೆ ಮಾತಾಡುತ್ತಲೇ ಇದ್ದರು. ಆಕೆ ಅನ್ನ ಬಡಿಸಲು ಬಂದಳಂತೆ, ಅವ್ವ ಬೇಡ ಎಂದು ಆಕಾಶ ತೋರಿಸಿ ಕೈ ಮುಗಿದಳಂತೆ, ಆಕೆಗೆ ತಿಳಿಯಿತಂತೆ. ವ್ರತವಿಲ್ಲದಿದ್ದರೆ ಅವ್ವ ಆ ಮನೆಯಲ್ಲಿ ಉಣ್ಣುತ್ತಿದ್ದಳೋ ಇಲ್ಲವೋ, ನನಗೆ ಧೈರ್ಯವಿಲ್ಲ ಹೇಳಲು. ಎರಡು ಮನೆಯ ಮುಜುಗರವನ್ನು ಸ್ವಾಮಿ ಉಳಿಸಿದ. ಕೆಂಪು ಎಳನೀರು ಕೆತ್ತಿಕೊಟ್ಟಳು, ಅವ್ವ ಎರಡು ಕುಡಿದಳು. ಬಿಸಿಲಿಳಿದಾಗ, ಗಾಡಿಯ ಮೊಳೆಗಳಿನ್ನೂ ನೆಲದ ಮೇಲಿದ್ದಾಗಲೇ, ಇಬ್ಬರೂ ಕೈ ಹಿಡಿದುಕೊಂಡು ಗದ್ದೆಯ ಬದುವಿನವರೆಗೆ ನಿಧಾನವಾಗಿ ಹೋಗಿ ಬಂದರು. ವಾಪಸು ಬಂದ ಅವ್ವನ ಸೆರಗಿನ ತುದಿಯಲ್ಲಿ ಹೊಸದೊಂದು ಗಂಟಿತ್ತು.

ನನ್ನ ಮನಸ್ಸು ಪಿಚ್ಚೆಂದಿತು. ಬಸ್ಸಿನ ಕಾಸು ಕಟ್ಟಿಕೊಂಡಿದ್ದಾಳೆ ಎಂದುಕೊಂಡೆ. ಕಾಡಿನ ಅಂಚಿನ ಊರು ತಿಸ್ಸದವರೆಗೆ ಬಸ್ಸಿದೆ ಎಂದು ಆಕೆ ಹೇಳಿರಬೇಕು. ನನ್ನ ಗಾಡಿಯ ಮೇಲೆ ಅವಳಿಗಿದ್ದ ನಂಬಿಕೆ ಮುಗಿಯಿತು, ಅವಳ ತಪ್ಪೇನು?

ಕೂಲಿಗೆ ಸಲೀಂ ಕೇಳಿದ್ದು ಒಂದು ಲಡಿ ರೇಷ್ಮೆ. ನಾನು ಚೌಕಾಸಿ ಮಾಡಲಿಲ್ಲ. ಎರಡನ್ನೂ ಕೊಟ್ಟೆ. ಇದನ್ನು ಪಿಳ್ಳಪ್ಪ ನಂಬುವುದಿಲ್ಲ.

ಕತರಗಾಮ

ಬೆಳಿಗ್ಗೆ ಸಲೀಮನ ಮನೆಯ ಮರದಡಿ, ಎಂಜಿನ್ನಿನ ಕೆಳಗೆ ಹಾಸಿದ್ದ ಹಾಳೆ ನೋಡಿದೆ. ಒಂದು ಎಲೆ ಬಿದ್ದಿತ್ತು, ಅಷ್ಟೆ.

ತಿಸ್ಸ ದಾಟಿದ ಮೇಲೆ ಹತ್ತು ಮೈಲಿ ಕಾಡು. ಕೆಂಪು ಮಣ್ಣು, ಮುಳ್ಳು, ಎಲ್ಲೆಂದರಲ್ಲಿ ಆನೆಯ ಲದ್ದಿ. ಪ್ರತಿ ಮೈಲಿಗೂ ಗಾಡಿ ನಿಲ್ಲಿಸಿ ಬಗ್ಗಿ ಅಂಚಿಗೆ ಬೆರಳಾಡಿಸುತ್ತಿದ್ದೆ. ಒಣಗಿತ್ತು. ನಳಿಕೆಗೆ ಅಂಗೈ ಹಿಡಿಯುತ್ತಿದ್ದೆ. ಪುಸು ಪುಸು ಗಾಳಿ. ಅಷ್ಟು ಹಿತವಾದದ್ದು ನನ್ನ ಅಂಗೈಗೆ ಎಂದೂ ತಾಕಿಲ್ಲ.

“ಎಷ್ಟು ಸಲ ನೋಡ್ತೀಯ? ಬಿಸಿಲು ಏರ್ತದೆ, ಹೊಡಿ ಗಾಡಿ” ಎಂದಳು ಅವ್ವ. ಏಳು ದಿನದ ಉಪವಾಸದ ದನಿ ಅದು.

ನದಿಯಲ್ಲಿ ಮಿಂದು, ಅವಳನ್ನು ಬೆನ್ನ ಮೇಲೆ ಹೊತ್ತು ಗುಡಿಯ ಬಾಗಿಲಿಗೆ ತಂದೆ. ನಮ್ಮ ಕಡೆಯ ಗುಡಿಯ ಗೋಪುರ, ಕಂಬ ಏನೂ ಇಲ್ಲ. ಹಂಚಿನ ಮಾಡಿನ ಚಿಕ್ಕ ಗುಡಿ. ಒಳಗೆ ಒಂದು ಪರದೆ ಬಿಟ್ಟಿತ್ತು. ಪರದೆಯ ಮೇಲೆ ನವಿಲೇರಿದ ಸ್ವಾಮಿಯ ಚಿತ್ರ, ಎರಡು ಕಡೆ ಇಬ್ಬರು ದೇವಿಯರು. ಪೂಜೆ ಮುಗಿಯಿತು. ಪರದೆ ಸರಿಯಲಿಲ್ಲ. ಪಕ್ಕದಲ್ಲಿದ್ದ ತಮಿಳು ಯಾತ್ರಿಕನನ್ನು ಕೇಳಿದೆ.

“ಯಾವಾಗ ಸರಿಸ್ತಾರೆ?”

“ಸರಿಸೋದೇ ಇಲ್ಲ. ಇಲ್ಲಿ ಸ್ವಾಮಿ ಮುಖ ಯಾರೂ ನೋಡೋದಿಲ್ಲ. ಅದೇ ಇಲ್ಲಿನ ಪದ್ಧತಿ.”

ಮುಖ ನೋಡುವವರೆಗೆ ಉಪ್ಪು ಮುಟ್ಟಲ್ಲ ಎಂದವಳು ಇವಳು. ಅರ್ಧ ಒಪ್ಪದವಳು. ಸಮುದ್ರ ದಾಟಿ, ಕಾಡು ದಾಟಿ ಬಂದರೆ ಇಲ್ಲಿ ಮುಖವೇ ಇಲ್ಲ. ಯಾರ ಹತ್ತಿರ ಚೌಕಾಸಿ ಮಾಡಲಿ? ಅವಳಿಗೆ ಹೇಳಲೋ ಬೇಡವೋ ಎಂದು ತೊದಲುತ್ತಾ ಹೇಳಿದೆ.

ಅವ್ವ ಪರದೆಯನ್ನು ಬಹಳ ಹೊತ್ತು ನೋಡಿದಳು. ಕಣ್ಣೊರೆಸಿಕೊಂಡಳು.

“ಅಲ್ಲ ಕಣೋ ಸುಬ್ಬ, ಘಾಟೀಲಿ ಸ್ವಾಮಿ ಬೆನ್ನಿಗಿರೋ ನರಸಿಂಹನ್ನ ಹೆಂಗ್ ನೋಡ್ತೀವಿ ನಾವು?”

“ಹಿಂದೆ ಇಟ್ಟಿರೋ ಕನ್ನಡೀಲಿ.”

“ಕನ್ನಡೀಲಿ ನೋಡ್ಕೊಂಡ್ ಬಂದು, ನರಸಿಂಹನ್ನ ನೋಡ್ದೆ ಅಂತ ಊರಿಗೆಲ್ಲ ಹೇಳ್ತೀವಲ್ಲ. ಅಲ್ಲಿ ಕನ್ನಡಿ, ಇಲ್ಲಿ ಬಟ್ಟೆ. ನೋಡ್ದೆ ಕಣೋ. ಚೆನ್ನಾಗವ್ನೆ. ನಡಿ, ಒಲೆ ಹಚ್ಚು.”

ನದಿಯ ದಂಡೆಯಲ್ಲಿ ಮೂರು ಕಲ್ಲು ಹೂಡಿದೆ. ಸೋಪಿಗೆ ಬೀಳದೆ ಉಳಿದಿದ್ದ ಅರ್ಧ ಹಿಟ್ಟಿನಲ್ಲಿ ಅವ್ವ ಕೂತಲ್ಲೇ ಮುದ್ದೆ ತೊಳಸಿದಳು. ಬೇಳೆ ಬೇಯಿಸಿ, ಅಲ್ಲೇ ಮಾರುತ್ತಿದ್ದ ಯಾವುದೋ ಸೊಪ್ಪು ಹಾಕಿ ಸಾರು ಮಾಡಿದೆ. ಎಲೆಗೆ ಬಡಿಸಿ ಅವಳ ಮುಂದಿಟ್ಟ ಮೇಲೆ ನೆನಪಾಯಿತು. ಏಳು ದಿನ ಉಪ್ಪಿನ ಕಡೆ ತಲೆ ಹಾಕದ ನಾವು ಉಪ್ಪನ್ನೇ ತಂದಿರಲಿಲ್ಲ.

“ಅವ್ವ, ಉಪ್ಪಿಲ್ಲ. ಇರು, ಯಾರನ್ನಾದ್ರೂ ಕೇಳಿ ತರ್ತೀನಿ.”

“ಕೂತ್ಕೋ.”

ಸೆರಗಿನ ಗಂಟನ್ನು ಹಲ್ಲಿನಿಂದ ಬಿಚ್ಚಿದಳು. ಕಾಸಲ್ಲ. ಬಿಳಿಯ ಹರಳುಪ್ಪು, ಒಂದು ಹಿಡಿ.

“ಸಲೀಮಣ್ಣನ ಹೆಂಡ್ರು ಕೊಟ್ಳು. ಪಾಪ, ಅವ್ರಲ್ಲೂ ಕೈಗೆ ಕೈ ಕೊಡಾಕಿಲ್ಲ ಉಪ್ಪನ್ನ, ಬದುವಿನ ಮ್ಯಾಲೆ ಇಟ್ಳು, ನಾನ್ ಎತ್ಕೊಂಡೆ.”

“ಯಾವಾಗ? ಗಾಡಿ ಇನ್ನೂ ಬಿಚ್ಚಿಟ್ಟಿತ್ತಲ್ಲ ಆಗ. ಮೊಳೆ ಎಲ್ಲ ನೆಲದ ಮೇಲಿತ್ತು, ಇಲ್ಲಿಗೆ ಬರ್ತೀವೋ ಇಲ್ವೋ ಗೊತ್ತಿರ್ಲಿಲ್ಲ.”

“ಇತ್ತು. ಅದಕ್ಕೇನೀಗ?” ಎಂದು ಅವ್ವ ಎರಡು ಹರಳು ಸಾರಿಗೆ ಹಾಕಿ, ಬೆರಳಿನಿಂದ ಕಲಕಿ, ಮೊದಲ ತುತ್ತನ್ನು ಅದ್ದಿ ನುಂಗಿದಳು.